ಇಪ್ಪತ್ತೈದು ಮೀಟರಿನ ಮನುಷ್ಯ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೈಟ್‌ಸರ್ಫಿಂಗ್, ಅಂದರೆ ಕೈಟ್ ಎಂಬ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರಿಗೆ ಕೈಟ್ ಹಾರಿಸಲು ಬರುತ್ತದೆ. ಕೆಲವರು ಈ ಸಲ ಮೇಷ್ಟ್ರ ಕಣ್ಗಾವಲಿಲ್ಲದೆ ರಾಮೇಶ್ವರಕ್ಕೆ ಹೊರಟಿದ್ದೀರಿ, ಕೆಲವರು ಶ್ರೀಲಂಕಾದ ಕಲ್ಪಿಟಿಯಕ್ಕೆ. ಹಾಗಾಗಿ ವಿಂಡ್ ವಿಂಡೋ (ಕೈಟ್ ಹಾರಬಲ್ಲ ವಲಯ), ಡಿಪವರ್ (ಕೈಟಿನ ಎಳೆತ ತಗ್ಗಿಸುವುದು) ಎಂದೆಲ್ಲ ಅಆಇಈ ಬೇಡ. ನೇರ ವಿಷಯಕ್ಕೆ ಬರುತ್ತೇನೆ.

ಕೈಟ್‌ಸರ್ಫರ್‌ಗಳ ನಡುವಿನ ಜಗಳಗಳಲ್ಲಿ ಬಹುಪಾಲು ನೀರಿನಲ್ಲಿ ಹುಟ್ಟುವುದಿಲ್ಲ, ಮರಳಿನ ಮೇಲೆ ಹುಟ್ಟುತ್ತವೆ. ಇದೇ ನನ್ನ ವಾದ. ಇವತ್ತು ನಾಲ್ಕಾರು ಸಲ ಇದನ್ನೇ ಹೇಳುತ್ತೇನೆ, ಸಹಿಸಿಕೊಳ್ಳಿ. ನೀರಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಎಂಬ ನಿಯಮಗಳನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ದಡದಲ್ಲಿ ಕೈಟಿಗೆ ಎಲ್ಲಿ ಗಾಳಿ ತುಂಬಬೇಕು, ಅದರ ದಾರ, ಅಂದರೆ ಲೈನ್, ಎಷ್ಟು ಹೊತ್ತು ಹಾಸಿಡಬಹುದು, ಯಾವ ಕ್ಷಣದಲ್ಲಿ ಕೈಟ್ ಮೇಲೇಳಬೇಕು ಎಂಬುದು ಮಾತ್ರ ತನ್ನಿಷ್ಟ ಎಂದುಕೊಂಡಿರುತ್ತಾರೆ.

ಲೆಕ್ಕ ಹಾಕಿ ನೋಡೋಣ. ಕೈಟ್ ನಡೆಸಲು ಹಿಡಿಯುವ ನಿಮ್ಮ ಬಾರ್‌ನ ಲೈನ್ 22 ರಿಂದ 24 ಮೀಟರ್. ಅದರಾಚೆಗೆ ಕೈಟ್. ಸೊಂಟಕ್ಕೆ ಕಟ್ಟಿದ ಹಾರ್ನೆಸ್‌ಗೆ ಲೂಪ್ ಸಿಕ್ಕಿಸಿದ ಕ್ಷಣದಿಂದ ನೀವು ಐದೂವರೆ ಅಡಿಯ ಆಸಾಮಿಯಲ್ಲ, ಇಪ್ಪತ್ತೈದು ಮೀಟರಿನ ಮನುಷ್ಯ. ನಿಮ್ಮ ಗಾಳಿಕೆಳಗಿನ, ಅಂದರೆ ಗಾಳಿ ಬೀಸಿ ಹೋಗುವ ಕಡೆಯ, ಅರ್ಧವೃತ್ತವೆಲ್ಲ ನಿಮ್ಮ ಮೈ. ಕೈಟ್ ಆ ಅರ್ಧವೃತ್ತದೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಬಿದ್ದ ಮೇಲೆ ನಿಮ್ಮನ್ನು ಇನ್ನೊಂದಷ್ಟು ದೂರ ಎಳೆದರೆ? ಅದಕ್ಕೇ ಲೈನಿನ ಎರಡು ಪಟ್ಟು, ಅಂದರೆ 50 ಮೀಟರ್, ಗಾಳಿಕೆಳಗೆ ಖಾಲಿ ಇರಬೇಕು ಎನ್ನುವುದು. ನೂರು ಮೀಟರ್ ಉದ್ದದ ದಡದಲ್ಲಿ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಜನ ಕೈಟ್ ಎಬ್ಬಿಸುವಂತಿಲ್ಲ. ಅಂಥ ಕಡೆ ಭಾನುವಾರ ಮೂವತ್ತು ಕೈಟ್ ಬಂದಿಳಿದರೆ, ಮೂವತ್ತೂ ಜನ ಲೈನ್ ಹಾಸಿಟ್ಟು ಚಹಾ ಕುಡಿಯಲು ಹೋದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಚಹಾಕ್ಕೆ ಹೋಗುವ ಮುಂಚೆ ಲೈನ್ ಸುತ್ತಿ. ಬಾರ್ ಅನ್ನು ಕೈಟ್ ಪಕ್ಕದಲ್ಲಿಡಿ. ಕೈಟಿನ ಮುಂಭಾಗದ ಟ್ಯೂಬ್ ಗಾಳಿಗೆ ಮುಖ ಮಾಡಿರಲಿ, ಮೇಲೆ ಧಾರಾಳವಾಗಿ ಒದ್ದೆ ಮರಳು ಹಾಕಿ. ಹಾಸಿಟ್ಟ ಲೈನ್ ಕಣ್ಣಿಗೆ ಕಾಣುವುದಿಲ್ಲ, ಒಂದೂವರೆ-ಎರಡು ಮಿಲಿಮೀಟರ್ ದಪ್ಪದ, ಡೈನೀಮಾ ಎಂಬ ಗಟ್ಟಿ ನೂಲು ಅದು. ಅದರ ಮೇಲೆ ಓಡುವ ಮಗುವಿಗಾಗಲಿ ನಾಯಿಗಾಗಲಿ ಅಲ್ಲೊಂದು ದಾರ ಇದೆ ಎಂದು ತಿಳಿಯುವುದು ಕಾಲು ಕುಯ್ದ ಮೇಲೆ. ತೇರಿನ ಹಗ್ಗ ಬಿಗಿಯಾದ ಮೇಲೆ ಯಾರೂ ಅದನ್ನು ದಾಟುವುದಿಲ್ಲವಲ್ಲ, ಬೇರೆಯವರ ಲೈನಿನ ಬಗ್ಗೆಯೂ ಅದೇ ಎಚ್ಚರ ಬೇಕು. ದಾಟಲೇಬೇಕಾದರೆ ಬಾರ್ ಹಿಡಿದ ಮನುಷ್ಯನ ಬೆನ್ನ ಹಿಂದಿನಿಂದ, ಗಾಳಿಮೇಲಿನಿಂದ, ಅಂದರೆ ಗಾಳಿ ಬರುವ ಕಡೆಯಿಂದ ಸುತ್ತಿ ಹೋಗಿ. ಲೈನಿನ ನಡುವೆ ಕಾಲಿಡಬೇಡಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಈ ಕಥೆ ನನಗೆ ತುಂಬಾ ಇಷ್ಟ, ವಿಷಯಕ್ಕೂ ಸಂಬಂಧವಿದೆ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮ, ಇಬ್ಬರೂ ಹಾಯಿದೋಣಿಯವರು. 1984ರ ನವೆಂಬರಿನಲ್ಲಿ ಅವರು ಗಾಳಿ ತುಂಬಿದ ಟ್ಯೂಬಿನ ಕೈಟಿನ ಪೇಟೆಂಟಿಗೆ ಅರ್ಜಿ ಹಾಕಿದರು. ನೀರಿಗೆ ಬಿದ್ದ ಕೈಟ್ ಮುಳುಗಬಾರದು, ಅಲ್ಲಿಂದಲೇ ಮತ್ತೆ ಏಳಬೇಕು, ಇಷ್ಟೇ ಅವರ ಆಸೆ. ಆಗ ಎಲ್ಲೆಲ್ಲೂ ಹಾಯಿ ಕಟ್ಟಿದ ಬೋರ್ಡಿನ ವಿಂಡ್‌ಸರ್ಫಿಂಗ್ ಭರಾಟೆ. ಯಾವ ಕಂಪನಿಯೂ ಇವರತ್ತ ತಿರುಗಿ ನೋಡಲಿಲ್ಲ. ನೀರಿನ ಸ್ಕೀಗೆ ಕಟ್ಟಿ ನೋಡಿದರು, ಪುಟ್ಟ ದೋಣಿಗೆ ಕಟ್ಟಿ ನೋಡಿದರು. ಹತ್ತು ವರ್ಷಕ್ಕೂ ಮೇಲೆ ಹೀಗೇ ಕಳೆಯಿತು. 1990ರ ದಶಕದ ನಡುವಿನಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಮಾನು ಬರ್ತಾಂ, ಲೇರ್ಡ್ ಹ್ಯಾಮಿಲ್ಟನ್ ಥರದ ಹೆಸರಾಂತ ಅಲೆಸವಾರರು ಕೈಟ್ ಹಿಡಿದು ಅಲೆಗಿಳಿದ ಮೇಲೆ ಜಗತ್ತು ಕಣ್ಣು ಬಿಟ್ಟಿತು. 1997ರಲ್ಲಿ ಅಣ್ಣತಮ್ಮಂದಿರ ವಿಪಿಕಾ ಕೈಟ್ ಮಾರುಕಟ್ಟೆಗೆ ಬಂತು.

ಆ ಕಾಲದ ಕೈಟ್ ಹೇಗಿತ್ತು? ಎರಡೇ ಲೈನ್. ಬಾರ್ ದೂರ ತಳ್ಳಿದರೆ ಶಕ್ತಿ ಇಳಿಯುವ ಏರ್ಪಾಡು ಇರಲಿಲ್ಲ. ಗಾಳಿ ಜೋರಾಯಿತೋ, ಹಿಡಿದುಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ಪೂರ್ತಿ ಡಿಪವರ್ ಆಗುವ ಬೋ ಕೈಟ್ ಎಲ್ಲರ ಕೈಗೆ ಬಂದದ್ದು 2005ರ ಸುಮಾರಿಗೆ, ಅದೂ ಬ್ರೂನೋ ಅವರದೇ ವಿನ್ಯಾಸ. ನಮ್ಮ ಶಿಷ್ಟಾಚಾರದ ಬಹುಪಾಲು ಈ ನಡುವಿನ ಕಾಲದಲ್ಲಿ, ಪೆಟ್ಟು ತಿಂದು ಕಲಿತದ್ದು. ಜೊತೆಗಾರನಿಲ್ಲದೆ ಎಬ್ಬಿಸಬೇಡ, ದಡದಲ್ಲಿ ಕೈಟ್ ತಲೆಯ ಮೇಲೆ ನಿಲ್ಲಿಸಬೇಡ, ಎಬ್ಬಿಸಿದ ಮೇಲೆ ದಡದಲ್ಲಿ ನಿಲ್ಲಬೇಡ. ಈಗ ಸಲಕರಣೆ ಸುಧಾರಿಸಿದೆ, ಕೈಟಿನ ಎಳೆತದಿಂದ ಬಿಡಿಸುವ ಕ್ವಿಕ್ ರಿಲೀಸ್ ಒಂದು ತಳ್ಳಿಗೆ ಬಿಚ್ಚುತ್ತದೆ. ಹಾಗಾಗಿ ಹೊಸಬರಿಗೆ ಈ ನಿಯಮಗಳೆಲ್ಲ ಮುದುಕರ ಗೊಣಗಾಟದಂತೆ ಕೇಳಿಸುತ್ತವೆ. ಗಾಳಿ ಮಾತ್ರ 1997ರದ್ದೇ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. 15 ನಾಟ್ 20 ಆದರೆ ಎಳೆತ ಮುಕ್ಕಾಲು ಪಾಲು ಏರಿಬಿಡುತ್ತದೆ. ರಿಲೀಸ್ ಕೆಲಸ ಮಾಡುವುದು ಅದನ್ನು ತಳ್ಳಲು ನಿಮಗೆ ಒಂದು ಸೆಕೆಂಡ್ ಸಿಕ್ಕರೆ. ನೀರಿನ ಮೇಲೆ ಆ ಸೆಕೆಂಡ್ ಸಿಗುತ್ತದೆ, ಬೇಲಿ ಹತ್ತು ಮೀಟರ್ ದೂರದಲ್ಲಿರುವ ದಡದಲ್ಲಿ ಸಿಗುವುದಿಲ್ಲ.

ಆದ್ದರಿಂದ ಎಬ್ಬಿಸುವ ಕ್ರಮ. ಮೊದಲು ಬಾರ್‌ನಿಂದ ಕೈಟ್‌ವರೆಗೆ ನಾಲ್ಕೂ ಲೈನ್ ಕಣ್ಣಿನಲ್ಲೇ ಹಿಂಬಾಲಿಸಿ. ಹಿಂದಿನ ಒಂದು ಲೈನ್ ರೆಕ್ಕೆಯ ತುದಿಗೆ ಸುತ್ತಿಕೊಂಡಿದ್ದರೆ ಕೈಟ್ ಏಳುತ್ತಲೇ ಗಿರಗಿರ ತಿರುಗಿ ಗಾಳಿಯ ನಟ್ಟನಡುವೆ ಧುಮುಕುತ್ತದೆ, ನಿಮ್ಮನ್ನೂ ಎಳೆಯುತ್ತದೆ. ದಡದ ದೊಡ್ಡ ಅವಘಡಗಳಿಗೆ ಇದೊಂದು ಹಳೆಯ ಕಾರಣ. ಜೊತೆಗಾರ ಮುಂಭಾಗದ ಟ್ಯೂಬಿನ ನಡುಮಧ್ಯ ಹಿಡಿದು ಸುಮ್ಮನೆ ನಿಲ್ಲಬೇಕು. ನೀವು ಹಿಂದೆ ಸರಿದು ಲೈನ್ ಬಿಗಿ ಮಾಡಿ, ಕೈಟಿನ ಬಟ್ಟೆ ಪಟಪಟ ಎನ್ನುತ್ತಿದೆಯೇ ನೋಡಿ. ಪಟಪಟಿಸಿದರೆ ನೀವು ಇನ್ನೂ ಗಾಳಿಮೇಲಕ್ಕೆ ನಡೆಯಬೇಕು. ಬಟ್ಟೆ ತುಂಬಿ ನಿಂತಾಗ ಹೆಬ್ಬೆರಳು ಎತ್ತಿ. ಆತ ಕೈ ಬಿಡಬೇಕು, ಅಷ್ಟೇ. ಮೇಲಕ್ಕೆ ಎಸೆಯುವುದು ಉಪಕಾರವಲ್ಲ. ಹೆಬ್ಬೆರಳು ಕಾಣುವವರೆಗೆ ಬಿಡಬಾರದು, ನೀವು ಏನೇ ಕಿರುಚಿದರೂ ಬಿಡಬಾರದು. ಗಾಳಿಯಲ್ಲಿ "ಬೇಡ" ಮತ್ತು "ಬಿಡು" ಒಂದೇ ಥರ ಕೇಳಿಸುತ್ತವೆ.

ಕೈಟ್ ನೀರಿನ ಕಡೆಯ ಅಂಚಿನಲ್ಲೇ ಮೇಲೇರಲಿ, ಅರ್ಧ ಎತ್ತರಕ್ಕೆ ನಿಲ್ಲಲಿ. ನೆತ್ತಿಯ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ನಿಲ್ಲಿಸಿ ಬೋರ್ಡ್ ಹುಡುಕುತ್ತ ನಡೆಯುವ ಚಾಳಿ ಎಷ್ಟು ಜನರಿಗಿದೆ! ಗಾಳಿಯ ಒಂದು ಹೊಡೆತಕ್ಕೆ ನೆತ್ತಿಯ ಕೈಟ್ ನಿಮ್ಮನ್ನು ನೆಟ್ಟಗೆ ಎತ್ತುತ್ತದೆ, ಅಂಚಿನಲ್ಲಿದ್ದರೆ ಹೆಚ್ಚೆಂದರೆ ನೀರಿನ ಕಡೆ ಎರಡು ಹೆಜ್ಜೆ ಎಳೆಯುತ್ತದೆ. ಬೋರ್ಡ್ ಮೊದಲೇ ನೀರಂಚಿನಲ್ಲಿರಲಿ. ನೀರಿನಿಂದ ಬರುವವನು ತಲೆಯ ಮೇಲೆ ಕೈ ತಟ್ಟಿಕೊಂಡರೆ ಕೈಟ್ ಇಳಿಸಿಕೊಡಿ ಎಂದರ್ಥ. ನೀವೂ ತಲೆ ತಟ್ಟಿ, ಹೋಗಿ ಹಿಡಿಯಿರಿ. ಮಾತು ನಿಲ್ಲಿಸಿ ಹೋಗಬೇಕಾದ ಕೆಲಸ ಇದು. ಯಾರ ಮನಸ್ಸಿನಲ್ಲಿ ಊರಿನವರು, ಹೊರಗಿನವರು ಎಂಬ ಗೆರೆ ಇದೆಯೋ ಅವರೂ ಆ ಕ್ಷಣ ಅದನ್ನು ಬದಿಗಿಡಬೇಕು.

ಈಗ ಮೀನುಗಾರರ ವಿಷಯ. ನಮ್ಮ ಕರಾವಳಿಯಲ್ಲಿ ಕೈರಂಪಣಿ ಎಳೆಯುವುದನ್ನು ನೋಡಿದವರಿಗೆ ರಾಮೇಶ್ವರದ ಕರೈವಲೆ ಹೊಸದೇನಲ್ಲ. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಒಯ್ದು, ಅರ್ಧಚಂದ್ರಾಕಾರ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಿಂದ ಹತ್ತಾರು ಜನ ಗಂಟೆಗಟ್ಟಲೆ ಎಳೆಯುತ್ತಾರೆ. ಆ ಎರಡು ಹಗ್ಗದ ನಡುವಿನ ನೀರೆಲ್ಲ ಅವರ ಕೆಲಸದ ಜಾಗ. ಬೆಂಡುಗಳ ಸಾಲು ಕಂಡರೆ ಆಚೆಯಿಂದಲೇ ತಿರುಗಿ. ಬೋರ್ಡಿನ ಅಡಿಯ ಈಜುರೆಕ್ಕೆ, ಅಂದರೆ ಫಿನ್, ಬಲೆಗೆ ಸಿಕ್ಕಿದರೆ ನಿಮ್ಮ ಸಂಜೆ ಹಾಳಾಗುತ್ತದೆ, ಬಲೆ ಹರಿದರೆ ಅವರ ದಿನಗೂಲಿ ಹೋಗುತ್ತದೆ. ಒಣಗಲು ಹಾಕಿದ ಬಲೆಯ ಮೇಲೆ ಕೈಟ್ ಇಳಿಸುವುದು, ಎಳೆದಿಟ್ಟ ದೋಣಿಗೆ ಲೈನ್ ಕಟ್ಟಿ ಒಬ್ಬನೇ ಎಬ್ಬಿಸುವುದು, ಇವೆರಡನ್ನೂ ಮಾಡಲೇಬಾರದು. ಬಲೆ ಯಾವ ಹೊತ್ತಿಗೆ ದಡಕ್ಕೆ ಬರುತ್ತದೆ ಎಂದು ಬೆಳಿಗ್ಗೆಯೇ ಕೇಳಿಕೊಳ್ಳಿ. ಮಾವಿಯ ಉತ್ತರ ತೀರದಲ್ಲಿ ಇದಕ್ಕೊಂದು ಸರಳ ಪದ್ಧತಿಯಿದೆ. ಬೆಳಗಿನ 11 ಗಂಟೆಗೆ ಮೊದಲು ಕೈಟ್, ವಿಂಡ್‌ಸರ್ಫ್ ನೀರಿಗಿಳಿಯುವಂತಿಲ್ಲ, ಆ ಹೊತ್ತು ಮೀನು ಹಿಡಿಯುವವರದು. ಅಷ್ಟು ಹೊತ್ತಿಗೆ ಗಾಳಿಯೂ ಬಲಿತಿರುತ್ತದೆ, ಯಾರಿಗೂ ನಷ್ಟವಿಲ್ಲ.

ಹೀಗೆ ಒಪ್ಪಂದವಾಗದ ಕಡೆ ಸರ್ಕಾರ ಬರುತ್ತದೆ. ಸ್ಪೇನಿನಲ್ಲಿ ಈಜುಗಾರರ ಜಾಗ ಗುರುತು ಮಾಡಿಲ್ಲದ ಬೀಚುಗಳಲ್ಲಿ ದಡದಿಂದ 200 ಮೀಟರ್ ನೀರು ಈಜುಗಾರರದ್ದೆಂದೇ ಲೆಕ್ಕ. ಉಳಿದವರು ಬೋಯ್ (ತೇಲುವ ಗುರುತು) ಕಟ್ಟಿದ ಓಣಿಯಲ್ಲಿ ಒಳಗೆ-ಹೊರಗೆ ಓಡಾಡಬೇಕು. ಅಲ್ಲಿನ ತಾರಿಫಾ ಎಂಬ ಊರಿನಲ್ಲಿ ಪೂರ್ವದ ಲೆವಾಂತೆ ಗಾಳಿ ಬೀಸುವ ದಿನ ಯುರೋಪಿನ ಅರ್ಧ ಕೈಟ್ ಅಲ್ಲೇ ಇವೆಯೇನೋ ಅನ್ನಿಸುತ್ತದೆ. ಅಂಥ ಊರಿಗೆ ಇಂಥ ಕಟ್ಟಳೆ ಬೇಕು. ನಮ್ಮಲ್ಲಿ ಇನ್ನೂ ಅಷ್ಟು ಜನ ಇಲ್ಲ. ಬೀಚ್ ಮುಚ್ಚುವ ಹಂತ ಬಂದರೆ ಅದು ಕೈಟಿಗೆ ಕೈಟ್ ತಗುಲಿದ್ದರಿಂದ ಬರುವುದಿಲ್ಲ, ದಡದಲ್ಲಿ ನಿಂತವರಿಗೆ ಪೆಟ್ಟಾದಾಗ ಬರುತ್ತದೆ. ಮತ್ತೆ ಮರಳಿಗೇ ಬಂದೆ, ನೋಡಿ.

ಅಧ್ಯಕ್ಷರಿಂದ ಚೀಟಿ ಬಂದಿದೆ, ಹತ್ತು ನಿಮಿಷ ಎಂದು. ನೀರಿನ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ.

ಎದುರುಬದುರು ಬಂದರೆ, ಬಲಗೈ ಮುಂದಾಗಿ ಹೋಗುವವನಿಗೆ ದಾರಿ. ಅವನು ನೇರ ಹೋಗಲಿ, ಎಡಗೈ ಮುಂದಿರುವವನು ಬದಿಗೆ ಸರಿಯಲಿ. ಹಕ್ಕುಳ್ಳವನಿಗೂ ಕರ್ತವ್ಯವಿದೆ, ಹಾದಿ ಬದಲಿಸದೆ ಹೋಗುವುದು. ಸೌಜನ್ಯವೆಂದು ಕೊನೆಯ ಗಳಿಗೆಯಲ್ಲಿ ಅವನೂ ಸರಿದರೆ ಇಬ್ಬರೂ ಒಂದೇ ಕಡೆ ಸರಿದು ಡಿಕ್ಕಿಯಾಗುತ್ತದೆ. ಹಾದುಹೋಗುವಾಗ ಗಾಳಿಮೇಲಿನವನ ಕೈಟ್ ಎತ್ತರದಲ್ಲಿ, ಗಾಳಿಕೆಳಗಿನವನ ಕೈಟ್ ತಗ್ಗಿನಲ್ಲಿ. ಕಾರಣ ಸರಳ: ಮೇಲಿನವನ ಲೈನ್ ಕೆಳಗಿನವನ ತಲೆಯ ಕಡೆಗೇ ಚಾಚಿರುತ್ತದೆ. ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಗಾಳಿಮೇಲಿನವನೇ ಜಾಗ ಬಿಡಬೇಕು, ಹಿಂದಿನಿಂದ ಬಂದು ದಾಟುವವನೂ ಬಿಡಬೇಕು. ದಡದಿಂದ ಹೊರಡುವವನಿಗೆ ಬರುವವನು ದಾರಿ ಬಿಡಬೇಕು, ಏಕೆಂದರೆ ದಡದ ಹತ್ತಿರ ನಿಂತಷ್ಟೂ ಅವನಿಗೆ ಅಪಾಯ. ಅಲೆಯ ಮೇಲೆ ಸವಾರಿ ಮಾಡುತ್ತಿರುವವನಿಗೆ ಹೊರಗೆ ಹೋಗುವವನು ಬಿಡಬೇಕು. ಈಜುಗಾರರಿಗೆ ಎಲ್ಲರೂ.

ಹಾರಿ ಜಿಗಿಯುವ ಮುನ್ನ ಗಾಳಿಕೆಳಗೆ 50 ಮೀಟರ್, ಗಾಳಿಮೇಲೆ 30 ಮೀಟರ್ ಖಾಲಿಯಿದೆಯೇ ಎಂದು ತಿರುಗಿ ನೋಡಿ. 25 ನಾಟ್ ಎಂದರೆ ಗಾಳಿ ಸೆಕೆಂಡಿಗೆ 13 ಮೀಟರ್ ಸಾಗುತ್ತಿದೆ. ನೀವು ಗಾಳಿಯಲ್ಲಿದ್ದಷ್ಟು ಹೊತ್ತೂ ಅದರ ಜೊತೆ ಕೆಳಕ್ಕೆ ತೇಲುತ್ತೀರಿ, ಏರಿದಲ್ಲೇ ಇಳಿಯುವುದಿಲ್ಲ. ದಡದ ಹತ್ತಿರ, ಕಲಿಯುವವರ ತಲೆಯ ಮೇಲೆ, ಮೊಬೈಲ್ ಹಿಡಿದ ಗೆಳೆಯನಿಗಾಗಿ ಜಿಗಿಯುವವರ ಮೇಲೆ ನನಗೆ ಕೋಪವಿದೆ. ಅದನ್ನು ಮುಚ್ಚಿಡುವುದಿಲ್ಲ. ಕಲಿಯುವವನ ಕೈಟ್ ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿರುವುದಿಲ್ಲ. ಅವನ ಗಾಳಿಕೆಳಗೆ ಹೋಗದಿರುವುದು ಬಲ್ಲವರ ಜವಾಬ್ದಾರಿ.

ಫಾಯಿಲ್, ಅಂದರೆ ಬೋರ್ಡನ್ನು ನೀರಿನಿಂದ ಮೇಲೆತ್ತುವ ಅಡಿರೆಕ್ಕೆ, ಅದರ ಬಗ್ಗೆ ಬರೆದುಕೊಂಡದ್ದು ಬಹಳ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕೈಟ್ ಸ್ಪರ್ಧೆ ಮಾರ್ಸೇಯ ಕಡಲಿನಲ್ಲಿ ಫಾಯಿಲ್ ಮೇಲೇ ನಡೆದದ್ದು, ಅದನ್ನು ನೋಡಿ ಕೊಂಡವರೂ ಇಲ್ಲಿರಬಹುದು. ಎರಡೇ ಮಾತು: ಫಾಯಿಲ್ ಸದ್ದಿಲ್ಲದೆ ಬರುತ್ತದೆ, ಉಳಿದವರಿಗಿಂತ ಕಡಿದಾದ ಕೋನದಲ್ಲಿ ಗಾಳಿಮೇಲಕ್ಕೆ ಹೋಗುತ್ತದೆ. ಫಾಯಿಲ್ ಮೇಲಿದ್ದರೆ ನೀವೇ ಕೂಗಿ ಎಚ್ಚರಿಸಿ, ಗುಂಪಿನಿಂದಾಚೆ ಆಳದ ನೀರಿನಲ್ಲಿ ಆಡಿ.

ಲೈನ್ ಸಿಕ್ಕಿಕೊಂಡರೆ ಮೊದಲು ಮಾತಾಡಿ. ಬಾರ್ ಎಳೆಯಬೇಡಿ, ಲೈನ್ ಕೈಗೆ ಸುತ್ತಿಕೊಳ್ಳಬೇಡಿ. ಎಳೆತ ಶುರುವಾದರೆ ಕ್ವಿಕ್ ರಿಲೀಸ್ ತಳ್ಳಿ. ಲೈನುಗಳು ಗಂಟಾಗಿದ್ದರೆ ಕೈಟಿನ ಎಳೆತ ಆಗಲೂ ಸಾಯದಿರಬಹುದು, ಆಗ ಕೈಟನ್ನು ನಿಮಗೆ ಕಟ್ಟಿರುವ ಕೊನೆಯ ಹಗ್ಗ, ಲೀಶ್, ಕೂಡ ಬಿಚ್ಚಿ, ಕೈಟ್ ಹೋಗಲಿ. ತಪ್ಪು ಯಾರದು ಎಂಬ ಚರ್ಚೆ ದಡಕ್ಕೆ ಬಂದ ಮೇಲೆ, ಎರಡೂ ಕೈಟ್ ಮರಳಿನಡಿ ಭದ್ರವಾದ ಮೇಲೆ. ಶುರು ಮಾಡುವಾಗ "ನಾನು ಬರುತ್ತಿದ್ದದ್ದು ಕಂಡಿತ್ತಾ?" ಎಂದು ಕೇಳಿ. ಹೆಚ್ಚಿನ ಸಲ ಕಂಡಿರುವುದಿಲ್ಲ.

ಹೊರಗೆ ಹುಲ್ಲಿನ ಮೇಲೆ ಮೂರು ಬೇರೆ ಬೇರೆ ಕಂಪನಿಯ ಬಾರ್ ಇಟ್ಟಿದ್ದೇವೆ. ಒಂದೊಂದರ ರಿಲೀಸ್ ಒಂದೊಂದು ಥರ ಜೋಡಿಸಬೇಕು. ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಬಿಚ್ಚಿ, ಮತ್ತೆ ಜೋಡಿಸಿ ತೋರಿಸಿ. ಜೋಡಿಸಲು ಬರದಿದ್ದವರು ಊಟಕ್ಕೆ ಮುಂಚೆ ಅಲ್ಲೇ ಕಲಿತುಕೊಳ್ಳಬಹುದು, ನಾವು ಇರುತ್ತೇವೆ.