ನಮ್ಮ ಚರ್ಚಿನ ನೆರೆಯವರು ಯಾರು?

ಕೇಳುಗರೇ, ನಮಸ್ಕಾರ.

ಮುಂಬಯಿಯ ಕನ್ನಡ ಚರ್ಚು ಅಂದರೆ ಒಂದು ವಿಚಿತ್ರ ಸಂಸಾರ. ಕಟ್ಟಡ ಒಂದು ಕಡೆ, ಜನ ಇನ್ನೊಂದು ಕಡೆ. ನಮ್ಮ ಸಭೆಯನ್ನೇ ತಗೊಳ್ಳಿ. ಒಬ್ಬರು ಕಲ್ಯಾಣದಿಂದ ಬರುತ್ತಾರೆ, ಒಬ್ಬರು ನಾಲಾಸೋಪಾರಾದಿಂದ, ಇನ್ನೊಬ್ಬರು ವಾಶಿಯಿಂದ. ಭಾನುವಾರ ಹಳಿ ರಿಪೇರಿಗೆಂದು ರೈಲಿಗೆ ಮೆಗಾಬ್ಲಾಕ್ ಬಿತ್ತೋ, ಅರ್ಧ ಬೆಂಚು ಖಾಲಿ. ಕಟ್ಟಡವೂ ಪೂರ್ತಿ ನಮ್ಮದಲ್ಲ. ಬೆಳಿಗ್ಗೆ ಮರಾಠಿ ಆರಾಧನೆ, ಆಮೇಲೆ ನಮ್ಮದು, ಸಂಜೆ ತಮಿಳು. ನಮ್ಮದು ಮುಗಿದ ಮೇಲೆ ಚಹಾ, ಊರಿನ ಸುದ್ದಿ, ಮತ್ತೆ ಸ್ಟೇಷನ್ನಿನ ಕಡೆ ಓಟ. ಚರ್ಚಿನ ಗೋಡೆಗೆ ತಾಗಿಕೊಂಡೇ ಒಂದು ಚಾಳು, ಅಂದರೆ ಒಂದೊಂದೇ ಕೋಣೆಯ ಮನೆಗಳ ಸಾಲು, ಇದೆ. ಅಲ್ಲಿ ಯಾರಿದ್ದಾರೆ, ಏನು ಮಾಡುತ್ತಾರೆ? ಇಪ್ಪತ್ತು ವರ್ಷ ಅದರ ಮುಂದೆಯೇ ಓಡಾಡಿದ ನನಗೂ ಗೊತ್ತಿರಲಿಲ್ಲ.

'ನನ್ನ ನೆರೆಯವನು ಯಾರು?' ಎಂದು ಯೇಸುವನ್ನು ಒಬ್ಬ ಪಂಡಿತ ಕೇಳಿದ ಕತೆ ಬೈಬಲಿನಲ್ಲಿದೆ. ನಮ್ಮಂಥ ಸಭೆಗೆ ಅದು ಅಕ್ಷರಶಃ ವಿಳಾಸ ಹುಡುಕುವ ಪ್ರಶ್ನೆ.

ನಮ್ಮ ಹಿರಿಯರಿಗೆ ಈ ಕಷ್ಟ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ. ಕನ್ನಡದ ಮೊದಲ ಪತ್ರಿಕೆ ಅದು. ಊರಿನ ಸುದ್ದಿ ಊರಿಗೆಲ್ಲ ಸಿಕ್ಕಿತು. ಧರ್ಮ ಬದಲಿಸಿ ಮನೆ, ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. ಅದಕ್ಕೆ ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಆ ಹಂಚು ಯಾರ ಮಾಡಿನ ಮೇಲೆ ಕೂತಿಲ್ಲ ಹೇಳಿ! ಮುಂಬಯಿಗೆ ಬಂದ ಮೇಲೆ ನಾವೇ ಪರದೇಶಿಗಳಾದೆವು. ಚರ್ಚು ತವರುಮನೆಯಾಯಿತು. ತವರಿಗೆ ಬಂದವರು ಕೂತು ಉಣ್ಣುತ್ತಾರೆ. ಬಡಿಸಬೇಕು ಅನ್ನುವ ಯೋಚನೆಯೇ ಬರುವುದಿಲ್ಲ, ಅಲ್ವಾ?

ಸೇವೆ ಮಾಡಬೇಕು ಎಂದು ಹೊರಟಾಗಲೂ ಮೊದಲು ಎಡವಿದೆವು. ಒಂದು ಕ್ರಿಸ್ಮಸ್ಸಿಗೆ ಚಾಳಿನಲ್ಲಿ ಕಂಬಳಿ ಹಂಚಿದೆವು. ಕಂಬಳಿಗಿಂತ ಬ್ಯಾನರ್ ದೊಡ್ಡದಿತ್ತು. ಫೋಟೋ ತೆಗೆಯುವಾಗ ಒಬ್ಬ ತಾಯಿ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. "ಹೋದ ವಾರವೂ ಯಾರೋ ಕಂಬಳಿ ಕೊಟ್ಟರು. ನನ್ನ ಮಗ ಹತ್ತನೇ ಕ್ಲಾಸು. ಹತ್ತಡಿ ಖೋಲಿಯಲ್ಲಿ ಏಳು ಜನ ಇದ್ದೇವೆ. ನಿಮ್ಮ ಹಾಲಿಗೆ ವಾರವಿಡೀ ಬೀಗ ಯಾಕೆ?"

ಉತ್ತರ ಇರಲಿಲ್ಲ. ಬೀಗದ ಕೈ ಮಾತ್ರ ಇತ್ತು. ಅದನ್ನು ತೆಗೆಯಲು ಮೂರು ಮೀಟಿಂಗ್ ಬೇಕಾಯಿತು. ಕರೆಂಟ್ ಬಿಲ್ ಯಾರು ಕಟ್ಟುವುದು, ಫ್ಯಾನ್ ಹಾಳಾದರೆ ಏನು, ಮರಾಠಿ ಸಭೆಯವರು ಒಪ್ಪುತ್ತಾರಾ. ಅವರು ನಮಗಿಂತ ಮೊದಲೇ ಒಪ್ಪಿದರು! ಈಗ ಸಂಜೆ ಏಳರಿಂದ ಹತ್ತರವರೆಗೆ ಮಕ್ಕಳು ಅಲ್ಲಿ ಓದುತ್ತಾರೆ. ನಾವು ಪಾಠ ಹೇಳುವುದಿಲ್ಲ. ಬೆಳಕು, ಮೇಜು, ಮೌನ ಕೊಡುತ್ತೇವೆ, ಅಷ್ಟೇ.

ಇದರಿಂದ ಒಂದು ಲೆಕ್ಕ ಸಿಕ್ಕಿತು. ಕೊಡುವ ಮೊದಲು ಕೇಳಬೇಕು. ಆಮೇಲೆ, ನಮ್ಮ ಹತ್ತಿರ ಸುಮ್ನೆ ಬಿದ್ದಿರುವುದು ಏನು ಎಂದು ನೋಡಬೇಕು. ನಮ್ಮಲ್ಲಿ ದುಡ್ಡು ಜಾಸ್ತಿ ಇಲ್ಲ. ಕನ್ನಡ ಇದೆ. ಮುಂಬಯಿಯಲ್ಲಿ ಕನ್ನಡ ಯಾರಿಗೆ ಬೇಕು ಅನ್ನುತ್ತೀರಾ? ಪರೇಲಿಗೆ ಹೋಗಿ ನೋಡಿ. ಕ್ಯಾನ್ಸರಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಅಲ್ಲಿ 1941ರಿಂದ ಇದೆ. ವಿಜಯಪುರ, ಕಲಬುರಗಿ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಹೊಲ ಬಿಟ್ಟು ಬೇರೇನೂ ನೋಡದ ಮುದುಕರು, ಕೈಯಲ್ಲಿ ದಪ್ಪ ಫೈಲು. ಸುತ್ತ ಹಿಂದಿ, ಮರಾಠಿ, ಇಂಗ್ಲಿಷ್. ಯಾವ ಕೌಂಟರು, ಯಾವ ಮಹಡಿ, ಡಾಕ್ಟರು ಹೇಳಿದ್ದರ ಅರ್ಥ ಏನು? ಅಂಥವರಿಗೆ ತಮ್ಮ ಮಾತಿನಲ್ಲಿ ಒಂದು ವಾಕ್ಯ ಸಿಕ್ಕರೆ ಎಷ್ಟು ದೊಡ್ಡದು!

ಈಗ ನಮ್ಮ ಸ್ತ್ರೀ ಸಮಾಜದ ಕೆಲವರು, ನಿವೃತ್ತರಾದ ನಾವು ಮೂರ್ನಾಲ್ಕು ಜನ, ಬುಧವಾರ ಅಲ್ಲಿಗೆ ಹೋಗುತ್ತೇವೆ. ಕರಪತ್ರ ಒಯ್ಯುವಂತಿಲ್ಲ, ಕೇಳದೆ ಪ್ರಾರ್ಥನೆ ಮಾಡುವಂತಿಲ್ಲ. ಇದು ನಾವೇ ಹಾಕಿಕೊಂಡ ಕಟ್ಟು. ಕಾಯಿಲೆಯವರ ಮುಂದೆ ಗಾಳ ಹಾಕುವುದು ನನಗಂತೂ ನಾಚಿಕೆಗೇಡು ಅನ್ನಿಸುತ್ತದೆ. ರೋಗಿಗಳ ಮನೆಯವರಿಗೆ ಇಳಿದುಕೊಳ್ಳಲು ದಾದರಿನಲ್ಲಿ ಮಹಾರಾಷ್ಟ್ರದ ಸಂತ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ. ಆ ಸಂತರು ಊರಿಗೆ ಬಂದರೆ ಮೊದಲು ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದರು. ಕೀರ್ತನೆ ರಾತ್ರಿಗೆ. ನಾವು ಕೀರ್ತನೆ ಚೆನ್ನಾಗಿ ಹಾಡುತ್ತೇವೆ. ಪೊರಕೆಯ ಪಾಠ ಅವರಿಂದ ಕಲಿಯಬೇಕಾಯಿತು.

ವಾರ್ಷಿಕ ಸಭೆಯಲ್ಲಿ ಒಬ್ಬರು ಕೇಳಿದರು, "ಇದರಿಂದ ಎಷ್ಟು ಜನ ಚರ್ಚಿಗೆ ಸೇರಿದರು?" ನಮ್ಮ ಪಾದ್ರಿಗಳು ವರದಿಯ ಆ ಜಾಗದಲ್ಲಿ ಒಂದು ಗೀಟು ಎಳೆದಿದ್ದರು. ಸ್ವಲ್ಪ ಗಲಾಟೆಯಾಯಿತು. ಆಗಲಿ ಬಿಡಿ.

ಹೋದ ತಿಂಗಳು ಇಂಡಿ ಕಡೆಯ ಅಜ್ಜ ಒಬ್ಬರಿಗೆ ಫಾರಂ ತುಂಬಿಕೊಡುತ್ತಿದ್ದೆ. ನನ್ನ ಜಾತಿ, ಮತ ಒಂದೂ ಕೇಳಲಿಲ್ಲ. "ಯಾವೂರ್ರೀ ನಿಮ್ದು?" ಅಂದರು. ಉಡುಪಿ ಅಂದೆ. ಅಜ್ಜ ಪೆನ್ನು ಹಿಡಿದ ನನ್ನ ಕೈ ಹಿಡಿದುಕೊಂಡುಬಿಟ್ಟರು. "ಅಷ್ಟು ದೂರದಿಂದ ಬಂದೀರೇನ್ರೀ ನಮ್ಮ ಸಲುವಾಗಿ?"

ನಲವತ್ತು ವರ್ಷದಿಂದ ಇಲ್ಲೇ ಇದ್ದೇನೆ ಅನ್ನುವಷ್ಟರಲ್ಲಿ ಅವರ ನಂಬರು ಕೂಗಿದರು.