5 ವೋಲ್ಟ್ ಎಲ್ಲಿ ಅಳೆದಿರಿ?

ಕೇಳುಗರಿಗೆಲ್ಲ ನಮಸ್ಕಾರ.

ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಮಷೀನು ನೆನಪಿದೆ ಅಲ್ವಾ? ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ. ಒಳಗೊಂದು ಟಿವಿ, ಮುಂದೆ ಹಿಡಿಕೆ, ನಾಲ್ಕಾರು ಬಟನ್. ಈಗ ಅಂಥದ್ದನ್ನು ಗುಜರಿಯಿಂದ ಎತ್ತಿ ತಂದು ಮನೆಯಲ್ಲೋ ಅಂಗಡಿಯಲ್ಲೋ ಇಟ್ಟುಕೊಳ್ಳುವವರೂ ಇದ್ದಾರೆ. ಅವರು ನನಗೆ ಫೋನ್ ಮಾಡಿದರೆ ಮಾತು ಒಂದೇ. "ಸಾರ್, ಪವರ್ ಸಪ್ಲೈ ಹೋಗಿದೆ, ಯಾವುದು ತರಲಿ?" ನಾನು ಕೇಳುವುದೂ ಒಂದೇ. 5 ವೋಲ್ಟ್ ಎಲ್ಲಿ ಅಳೆದಿರಿ? ಆ ಕಡೆ ಸದ್ದೇ ಇರುವುದಿಲ್ಲ.

ಪವರ್ ಸಪ್ಲೈ ಅಂದರೆ ಮಷೀನಿನ ತಳದಲ್ಲಿ ಕೂತಿರುವ ತೂತು ತೂತಿನ ತಗಡಿನ ಡಬ್ಬಿ. ಗೋಡೆಯ 230 ವೋಲ್ಟ್ ಅದರೊಳಗೆ ಹೋಗುತ್ತದೆ. ಹೊರಗೆ 5, 12 ಮತ್ತು ಮೈನಸ್ 5 ವೋಲ್ಟ್ ಬರುತ್ತದೆ. 12 ಹೆಚ್ಚಾಗಿ ಸ್ಪೀಕರಿನ ಸದ್ದಿಗೆ. ಮೈನಸ್ 5 ಕೆಲವು ಹಳೇ ಬೋರ್ಡುಗಳಿಗೆ, ಅಂದರೆ ಆಟದ ಚಿಪ್ಪುಗಳು ಕೂತಿರುವ ಹಲಗೆಗಳಿಗೆ, ಮಾತ್ರ ಬೇಕು. ಆಟದ ತಲೆ ಓಡುವುದು 5 ವೋಲ್ಟ್ ಮೇಲೆ. ಆ ಕಾಲದ ಚಿಪ್ಪುಗಳು ಬಹಳ ನಾಜೂಕು. ಅವಕ್ಕೆ 4.75ರಿಂದ 5.25ರ ಒಳಗೇ ಸಿಗಬೇಕು. ಕಡಿಮೆಯಾದರೆ ಆಟ ನಡುವೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಇಲ್ಲವೇ ಪರದೆ ತುಂಬ ಬಣ್ಣದ ಕಸ. ಜಾಸ್ತಿಯಾದರೆ ಚಿಪ್ಪೇ ಸುಡುತ್ತದೆ.

ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ವಿಷಯ. 5 ವೋಲ್ಟನ್ನು ಡಬ್ಬಿಯ ಹತ್ತಿರ ಅಳೆದು ಸುಮ್ಮನಾಗಬೇಡಿ. ಆಟ ಓಡುತ್ತಿರುವಾಗ, ಬೋರ್ಡಿನ ಮೇಲೆ ಅಳೆಯಿರಿ.

ದಾವಣಗೆರೆಯ ಕಥೆ ಹೇಳುತ್ತೇನೆ. 90ರ ದಶಕ, ಬೇಸಿಗೆ ರಜೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಮೂರು ಮಷೀನು. ಅದರಲ್ಲಿ ಹೊಡೆದಾಟದ ಆಟದ್ದು ಒಂದಕ್ಕೇ ಹುಡುಗರ ಸಾಲು. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತಂತೆ. ಅರ್ಧ ಗಂಟೆ ಆದಮೇಲೆ, ಸರಿಯಾಗಿ ಗೆಲ್ಲುವ ಹೊತ್ತಿಗೆ ಪರದೆ ಕಪ್ಪಾಗಿ ಆಟ ಮೊದಲಿಗೆ ಹೋಗುತ್ತಿತ್ತು. "ನಮ್ಮ ರೂಪಾಯಿ ವಾಪಸ್ ಕೊಡ್ರಿ" ಅಂತ ಹುಡುಗರ ಗಲಾಟೆ. ಯಜಮಾನರು ಯಾರದ್ದೋ ಮಾತು ಕೇಳಿ ಪವರ್ ಸಪ್ಲೈ ಬದಲಾಯಿಸಿದರು. ತೊಂದರೆ ಹೋಗಲಿಲ್ಲ. ಇನ್ನೊಂದು ಸಲ ಬದಲಾಯಿಸಿದರು. ಆಗಲೂ ಹೋಗಲಿಲ್ಲ. ಮೂರನೆಯದು ತರುವ ಮೊದಲು ನನಗೆ ಹೇಳಿ ಕಳಿಸಿದರು. ರಾತ್ರಿ ಬಸ್ಸು ಹತ್ತಿ ಹೋದೆ.

ಮೀಟರನ್ನು ಡಬ್ಬಿಯ ಸ್ಕ್ರೂಗಳ ಮೇಲಿಟ್ಟೆ. 5.05. ಲಕ್ಷಣವಾಗಿದೆ. ಯಜಮಾನರ ಮುಖ ಬಾಡಿತು. ಆಮೇಲೆ ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪು ಹುಡುಕಿದೆ, 14 ಕಾಲಿನದ್ದು. ಆ ಜಾತಿಯಲ್ಲಿ ಬಹುತೇಕ ಚಿಪ್ಪುಗಳಿಗೆ ಎದುರುಬದುರು ಮೂಲೆಯ ಎರಡು ಕಾಲೇ ಕರೆಂಟಿನವು. 7ನೆಯದಕ್ಕೆ ಕಪ್ಪು ಕಡ್ಡಿ, 14ನೆಯದಕ್ಕೆ ಕೆಂಪು ಕಡ್ಡಿ. 4.58! ಹೆಚ್ಚುಕಡಿಮೆ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿಹೋಗಿತ್ತು.

ದಾರಿ ಅಂದರೆ ಏನು? ಡಬ್ಬಿಯಿಂದ ವೈರು, ವೈರಿನ ತುದಿಗೆ ಬೋರ್ಡನ್ನು ಕಚ್ಚಿಕೊಳ್ಳುವ ಉದ್ದನೆಯ ಕನೆಕ್ಟರ್. 80ರ ದಶಕದ ನಡುವೆ ಜಪಾನಿನ ಕಂಪನಿಗಳು ಸೇರಿ ಜಾಮ್ಮಾ ಅನ್ನುವ ಪದ್ಧತಿ ಮಾಡಿಕೊಂಡವು. ಮೇಲೆ 28, ಕೆಳಗೆ 28, ಒಟ್ಟು 56 ಹಲ್ಲು. ಯಾವ ಆಟದ ಬೋರ್ಡು ತಂದರೂ ಅದಕ್ಕೇ ಚುಚ್ಚಬಹುದು. ಒಳ್ಳೇ ಉಪಾಯ. ಆದರೆ 5 ವೋಲ್ಟಿಗೆ ಸಿಕ್ಕಿದ್ದು ನಾಲ್ಕೇ ಹಲ್ಲು. ಅಷ್ಟೂ ಕರೆಂಟು ಆ ನಾಲ್ಕರ ಮೇಲೆ. ಸ್ವಲ್ಪ ಕಿಲುಬು ಹಿಡಿದರೆ ಬಿಸಿ, ಬಿಸಿಯಾದರೆ ಸಡಿಲ, ಸಡಿಲಾದರೆ ಇನ್ನೂ ಬಿಸಿ.

ಮಷೀನು ಆರಿಸಿ, ಪ್ಲಗ್ ಕಿತ್ತು, ಕನೆಕ್ಟರ್ ಎಳೆದೆ. ಬೆರಳು ಚುರ್ ಅಂತು. ಬಿಳಿ ಪ್ಲಾಸ್ಟಿಕ್ಕು ಆ ಜಾಗದಲ್ಲಿ ಮಾತ್ರ ಹುರಿದ ಕಡಲೆ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಮೀನಿನಂಥ ವಾಸನೆ. ಯಜಮಾನರ ಮಗ ಅಲ್ಲೇ ನಿಂತಿದ್ದ. "ನಿನ್ನ ಸ್ಕೂಲ್ ಬ್ಯಾಗಿನ ರಬ್ಬರ್ ತಾರಪ್ಪ" ಅಂದೆ. ಓಡಿಹೋಗಿ ತಂದ. ಬೋರ್ಡಿನ ಅಂಚಿನ ಪಟ್ಟಿಗಳನ್ನು ಆ ರಬ್ಬರಿನಲ್ಲಿ ತಿಕ್ಕಿದೆ. ಕಪ್ಪು ಹೋಗಿ ಹೊಳಪು ಬಂತು. ಸುಟ್ಟ ಕನೆಕ್ಟರ್ ತೆಗೆದು ಬ್ಯಾಗಿನಲ್ಲಿದ್ದ ಹೊಸದಕ್ಕೆ ವೈರು ಬೆಸೆದೆ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆ ಬೋರ್ಡಿನ ಮೇಲೆ 5.01.

"ಏನ್ರೀ, ಇಷ್ಟೇನಾ?" ಅಂದರು ಯಜಮಾನರು. ಬಿಚ್ಚಿಟ್ಟಿದ್ದ ಎರಡು ಪವರ್ ಸಪ್ಲೈಗಳನ್ನೂ ತರಿಸಿ ನೋಡಿದೆ. ಎರಡೂ ಗಟ್ಟಿಮುಟ್ಟಾಗಿದ್ದವು. ಟ್ಯಾಂಕಿನಲ್ಲಿ ನೀರಿದೆ, ನಲ್ಲಿಯಲ್ಲಿ ಬರುತ್ತಿಲ್ಲ ಅಂದರೆ ಯಾರಾದರೂ ಟ್ಯಾಂಕ್ ಬದಲಾಯಿಸುತ್ತಾರಾ?

ಇನ್ನು ಕೆಲವರಿದ್ದಾರೆ. ಬೋರ್ಡಿಗೆ ಕಡಿಮೆ ಬಂತು ಅಂದ ಕೂಡಲೇ ಡಬ್ಬಿಯ ಪಕ್ಕದ ಸಣ್ಣ ತಿರುಪು ತಿರುಗಿಸಿ ವೋಲ್ಟ್ ಏರಿಸುತ್ತಾರೆ. ಕನೆಕ್ಟರ್ ಇನ್ನಷ್ಟು ಬಿಸಿಯಾಗುತ್ತದೆ. ನಾಳೆ ಯಾರೋ ಅದನ್ನು ಅಲುಗಾಡಿಸಿ ಗಟ್ಟಿ ಕೂರಿಸಿದರೆ, ಏರಿಸಿದ್ದಷ್ಟೂ ಒಮ್ಮೆಲೇ ಚಿಪ್ಪುಗಳ ಮೇಲೆ. ದಯವಿಟ್ಟು ಬೇಡ. ಮೊದಲು ದಾರಿ ನೋಡಿ.

ಡಬ್ಬಿಯ ಹತ್ತಿರವೇ 5 ಇಲ್ಲದಿದ್ದರೆ, ಅಥವಾ ಮೀಟರಿನ ಅಂಕಿ ಕುಣಿಯುತ್ತಿದ್ದರೆ, ಆಗ ಡಬ್ಬಿಯ ಮೇಲೆ ಅನುಮಾನ ಪಡಿ. ಒಳಗೆ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳು ವಯಸ್ಸಾಗಿ ತಲೆ ಉಬ್ಬಿರುತ್ತವೆ, ತೂತಿನಿಂದಲೇ ಕಾಣಬಹುದು. ಆದರೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್ ಅವಿತು ಕೂತಿರಬಹುದು. ಪಿಕ್ಚರ್ ಟ್ಯೂಬಿನ ಕಡೆಗಂತೂ ಕೈ ಹಾಕಲೇಬೇಡಿ, ಅಲ್ಲಿಯದು 20 ಸಾವಿರದ ಲೆಕ್ಕ. ಸುಮ್ನೆ ಡಬ್ಬಿ ಬದಲಾಯಿಸಿ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ಕಂಪ್ಯೂಟರಿನ ಹೊಸ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಹಾಕಿದರೆ ಆಗಲ್ವಾ ಅಂತ ಕೇಳುತ್ತೀರಿ. ಅದರಲ್ಲಿ ಮೈನಸ್ 5 ಬರುವುದಿಲ್ಲ, ನಿಮ್ಮ ಬೋರ್ಡಿಗೆ ಅದು ಬೇಕಾ ನೋಡಿಕೊಳ್ಳಿ.

ದಾವಣಗೆರೆಯಲ್ಲೇ ಹೊತ್ತು ಕಳೆದುಬಿಟ್ಟೆ, ಉಳಿದದ್ದು ಬೇಗ ಹೇಳುತ್ತೇನೆ. ಹಳೇ ಡಬ್ಬಿಯ ವೈರು ಬಿಚ್ಚುವ ಮೊದಲು ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆಯಿರಿ. ವೈರಿನ ಬಣ್ಣ ನಂಬಬೇಡಿ, ನನಗಿಂತ ಮುಂಚೆ ಬಂದವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ. ಅರ್ತಿಂಗ್ ವೈರು ತಪ್ಪದೇ ಕಟ್ಟಿ. ಬೋರ್ಡ್ ಜೋಡಿಸುವ ಮೊದಲು 5 ವೋಲ್ಟಿಗೆ ಹಳೇ ಸ್ಕೂಟರಿನ 6 ವೋಲ್ಟ್ ಬಲ್ಬು ಹಾಕಿ ಉರಿಸಿ, ಅಳೆದು, ತಿರುಪಿನಿಂದ 5ಕ್ಕೆ ತನ್ನಿ. ಆಮೇಲೆ ಬೋರ್ಡ್. ಮತ್ತೆ ಅಳೆಯಿರಿ. ಎಲ್ಲಿ? ಬೋರ್ಡಿನ ಮೇಲೆ. 5.0, 5.1ರ ನಡುವೆ ಇದ್ದರೆ ತಿರುಪು ಮುಟ್ಟಬೇಡಿ. ಅರ್ಧ ಗಂಟೆ ಆಡಿಸಿ, ಮತ್ತೊಮ್ಮೆ ಅಳೆಯಿರಿ.

ಹಾಂ, ಮರೆತಿದ್ದೆ. ಕೆಲವು ಡಬ್ಬಿಗಳಲ್ಲಿ 110, 220 ಅಂತ ಬರೆದ ಪುಟ್ಟ ಸ್ವಿಚ್ ಇರುತ್ತದೆ. ಪ್ಲಗ್ ಚುಚ್ಚುವ ಮೊದಲು ಅದು 220ರಲ್ಲಿದೆಯಾ ನೋಡಿ. 110ರಲ್ಲಿಟ್ಟು ಚುಚ್ಚಿದರೆ ಢಂ ಅನ್ನುತ್ತದೆ. ನನ್ನ ಕೈಯಲ್ಲೂ ಒಮ್ಮೆ ಅಂದಿದೆ. ನಮಸ್ಕಾರ.