ಚರ್ಚೆ ಪುಟದಲ್ಲಿ ನಿಂದನೆ ಎದುರಾದಾಗ

ಕೇಳುಗರಿಗೆ ನಮಸ್ಕಾರ.

ಸಂಬಳವಿಲ್ಲದೆ, ಬೇರೆ ಬೇರೆ ಊರುಗಳಲ್ಲಿ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡದೆಯೇ ಜನರು ಅಂತರಜಾಲದಲ್ಲಿ ಒಟ್ಟಾಗಿ ಮಾಡುತ್ತಿರುವ ಕೆಲಸಗಳಲ್ಲಿ ವಿಕಿಪೀಡಿಯ ಬಹುಮಂದಿಗೆ ಪರಿಚಿತವಾದದ್ದು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ತುಳು ವಿಕಿಪೀಡಿಯ 2016ರಲ್ಲಿ ತೆರೆದುಕೊಂಡಿತು. ಅಲ್ಲಿ ಲೇಖನವನ್ನು ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಪ್ರತಿಯೊಂದು ಲೇಖನಕ್ಕೂ ಒಂದು ಚರ್ಚೆ ಪುಟವಿರುತ್ತದೆ, ಓದುಗರ ಕಣ್ಣಿಗೆ ಅಷ್ಟಾಗಿ ಬೀಳದ ವಾದವಿವಾದಗಳೆಲ್ಲ ಅಲ್ಲಿ ನಡೆಯುತ್ತವೆ. ವಾದ ನಡೆಯಲೇಬೇಕು. ಒಬ್ಬ ಶರಣರ ಹುಟ್ಟೂರು ಯಾವುದು, ಒಬ್ಬ ಅರಸನ ಆಳ್ವಿಕೆ ಯಾವ ವರ್ಷ ಮುಗಿಯಿತು, ಒಬ್ಬ ಲೇಖಕರ ಜಾತಿಯನ್ನು ಅವರ ಪರಿಚಯದಲ್ಲಿ ಹೇಳಬೇಕೇ ಬೇಡವೇ ಎಂಬಂಥ ಪ್ರಶ್ನೆಗಳು ವಾದವಿಲ್ಲದೆ ಇತ್ಯರ್ಥವಾಗುವುದಿಲ್ಲ. ಆ ವಾದ ವಿಷಯವನ್ನು ಬಿಟ್ಟು ಎದುರಿನ ವ್ಯಕ್ತಿಯ ಮೇಲೆ ತಿರುಗಿದಾಗ ಏನು ಮಾಡಬೇಕು, ಮಾಡಬೇಕಾದವರು ಯಾರು ಎಂಬುದನ್ನು ಕುರಿತು ಇಂದು ಮಾತನಾಡುತ್ತೇನೆ.

ಬರಹದ ಬಗ್ಗೆ ಮಾತನಾಡಿ, ಬರೆದವರ ಬಗ್ಗೆ ಬೇಡ ಎಂಬುದು ವಿಕಿಪೀಡಿಯದ ಹಳೆಯ ನಿಯಮ. ಕೇಳಲು ಸರಳವಾದ ಈ ನಿಯಮ ಎಲ್ಲಿ ಮುರಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬೆಂಗಳೂರು, ಮಂಗಳೂರು, ಮೂಡುಬಿದಿರೆಯ ಕಾಲೇಜುಗಳ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯುತ್ತಾ ಬಂದಿದ್ದಾರೆ. ಅಂಥ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಜಾತ್ರೆಯ ಬಗ್ಗೆ ಬರೆದಿದ್ದಾಳೆ ಎಂದು ಭಾವಿಸೋಣ. ಲೇಖನದಲ್ಲಿ ಕಾಗುಣಿತದ ತಪ್ಪುಗಳಿವೆ, ಆಧಾರಗಳಿಲ್ಲ. ಹಿರಿಯ ಸಂಪಾದಕರೊಬ್ಬರು ಚರ್ಚೆ ಪುಟದಲ್ಲಿ, "ಎರಡನೆಯ ಪರಿಚ್ಛೇದಕ್ಕೆ ಆಧಾರ ಒದಗಿಸದಿದ್ದರೆ ಅದನ್ನು ತೆಗೆಯಬೇಕಾಗುತ್ತದೆ" ಎಂದು ಬರೆದರೆ ಅದು ನಿಷ್ಠುರವಾದ ಮಾತು, ಆದರೆ ನಿಂದನೆಯಲ್ಲ. "ಕನ್ನಡ ಬಾರದವರೆಲ್ಲ ಇಲ್ಲಿಗೆ ಬಂದು ಕಸ ತುಂಬುತ್ತಿದ್ದಾರೆ" ಎಂದು ಬರೆದರೆ ಅದು ನಿಂದನೆ. ಇವೆರಡರ ನಡುವೆ ಇನ್ನೊಂದು ಬಗೆಯಿದೆ: "ನಿಮ್ಮ ಕಾಲೇಜಿನವರಿಂದ ಇದಕ್ಕಿಂತ ಹೆಚ್ಚೇನು ಬಯಸಲಾದೀತು" ಎಂಬ ಧಾಟಿಯದು. ಅದರಲ್ಲಿ ಒಂದೂ ಕೆಟ್ಟ ಪದವಿಲ್ಲ. ದೂರು ಕೊಟ್ಟರೆ, "ನಾನು ಯಾರನ್ನೂ ಬೈದಿಲ್ಲವಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನ ತಿಳಿವಳಿಕೆಯಲ್ಲಿ ಹೊಸಬರನ್ನು ಹೆಚ್ಚಾಗಿ ಓಡಿಸುವುದು ಈ ಮೂರನೆಯ ಬಗೆಯೇ, ಏಕೆಂದರೆ ಇದಕ್ಕೆ ಸಾಕ್ಷಿ ಹೇಳುವವರು ಸಿಗುವುದಿಲ್ಲ.

ಇಂಥ ಮಾತುಗಳನ್ನು ಬರೆಯುವವರು ಯಾರು? ಹೆಸರು ಮರೆಸಿಕೊಂಡು ಬರುವ ಕಿಡಿಗೇಡಿಗಳು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 2017ರಲ್ಲಿ ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ ಮತ್ತು ಗೂಗಲ್ ಬಳಗದ ಜಿಗ್ಸಾ ಸಂಸ್ಥೆಯ ಸಂಶೋಧಕರು ಇಂಗ್ಲಿಷ್ ವಿಕಿಪೀಡಿಯದ ಚರ್ಚೆ ಪುಟಗಳ ಟಿಪ್ಪಣಿಗಳನ್ನು ಯಂತ್ರಕಲಿಕೆಯ ನೆರವಿನಿಂದ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರವನ್ನು ಕೊಟ್ಟಿತು. ಖಾತೆಯಿಲ್ಲದೆ ಬರೆಯುವವರ ಟಿಪ್ಪಣಿಗಳಲ್ಲಿ ನಿಂದನೆಯ ಪ್ರಮಾಣ ಹೆಚ್ಚಿದ್ದದ್ದು ನಿಜ. ಆದರೂ ಒಟ್ಟು ನಿಂದನೆಗಳಲ್ಲಿ ಬಹುಪಾಲು ಬೆರಳೆಣಿಕೆಯ ದುಷ್ಟರಿಂದ ಬಂದದ್ದಲ್ಲ, ಅನಾಮಿಕತೆಯೇ ಮುಖ್ಯ ಕಾರಣವೂ ಅಲ್ಲ ಎಂದು ಅವರು ಕಂಡುಕೊಂಡರು. ಖಾತೆ ತೆರೆದು ಕೆಲಸ ಮಾಡುತ್ತಿದ್ದವರು, ಎಂದೋ ಒಮ್ಮೆ ತಾಳ್ಮೆಗೆಟ್ಟವರು, ಇವರೆಲ್ಲ ಸೇರಿ ಆ ಮೊತ್ತವಾಗಿತ್ತು. ಐದರಲ್ಲಿ ಒಂದಕ್ಕಿಂತ ಕಡಿಮೆ ನಿಂದನೆಗಳಿಗೆ ಮಾತ್ರ ಎಚ್ಚರಿಕೆಯೋ ಖಾತೆಗೆ ತಡೆಯೋ ಸಿಕ್ಕಿತ್ತು ಎಂಬುದೂ ಆ ಅಧ್ಯಯನದಿಂದ ಹೊರಬಿತ್ತು. ಅದಕ್ಕೂ ಮೊದಲು, 2015ರಲ್ಲಿ ಫೌಂಡೇಶನ್ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇಕಡ 38ರಷ್ಟು ಮಂದಿ ತಾವು ಕಿರುಕುಳ ಅನುಭವಿಸಿದ್ದೇವೆ ಎಂದಿದ್ದರು. ಹಾಗೆಂದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಮೇಲೆ ತಮ್ಮ ಕೆಲಸವನ್ನು ಕಡಿಮೆ ಮಾಡಿಕೊಂಡಿದ್ದರು.

ಒಂದೇ ಸಲದ ಬೈಗುಳಕ್ಕಿಂತ ಹೆಚ್ಚು ದಣಿಸುವುದು ಬೆನ್ನುಹತ್ತುವ ಕಿರುಕುಳ. ವಿಕಿಪೀಡಿಯದಲ್ಲಿ ಪ್ರತಿಯೊಬ್ಬ ಸದಸ್ಯರ ಕಾಣಿಕೆಗಳ ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಯಾರು ಯಾವ ಲೇಖನವನ್ನು ಯಾವ ಗಳಿಗೆಯಲ್ಲಿ ತಿದ್ದಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ಪಾರದರ್ಶಕತೆಗಾಗಿ ಇಟ್ಟ ಈ ಪಟ್ಟಿಯೇ ಹಗೆ ಸಾಧಿಸುವವರಿಗೆ ಅಸ್ತ್ರವಾಗುತ್ತದೆ. ನೀವು ಬೆಳಿಗ್ಗೆ ಒಂದು ಕೆರೆಯ ಬಗ್ಗೆ ಬರೆದರೆ ಅದನ್ನು ಅಳಿಸಬೇಕೆಂಬ ಸೂಚನೆ, ಮಧ್ಯಾಹ್ನ ಒಬ್ಬ ಯಕ್ಷಗಾನ ಕಲಾವಿದರ ಬಗ್ಗೆ ಬರೆದರೆ ಅಲ್ಲಿಯೂ ಅದೇ ವ್ಯಕ್ತಿಯ ಆಕ್ಷೇಪ, ಸಂಜೆ ಒಂದು ಅಲ್ಪವಿರಾಮವನ್ನು ಸರಿಪಡಿಸಿದರೂ ಅದನ್ನು ಹಿಂದಿನಂತೆಯೇ ಮಾಡಿ ಸಂಪಾದನೆಯ ಸಾರಾಂಶದಲ್ಲಿ, ಅಂದರೆ ತಿದ್ದುಪಡಿಯ ಜೊತೆ ಬರೆಯುವ ಕಿರುಟಿಪ್ಪಣಿಯಲ್ಲಿ, ಒಂದು ಕೊಂಕು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ನಿಯಮಬದ್ಧವಾಗಿಯೇ ಕಾಣುತ್ತದೆ. ಹೀಗೆ ಎದೆಗುಂದಿಸುವ ಉದ್ದೇಶದಿಂದ ಒಬ್ಬರ ಬೆನ್ನುಹತ್ತಿ ಪದೇ ಪದೇ ಟೀಕಿಸುವುದು ಕಿರುಕುಳವೇ ಎಂದು, 2021ರ ಫೆಬ್ರುವರಿಯಲ್ಲಿ ಫೌಂಡೇಶನ್ನಿನ ಆಡಳಿತ ಮಂಡಳಿ ಅಂಗೀಕರಿಸಿದ ಸಾರ್ವತ್ರಿಕ ನೀತಿ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಅವಮಾನ, ಬೆದರಿಕೆ, ಲೈಂಗಿಕ ಕಿರುಕುಳ, ಒಬ್ಬರ ಮನೆ, ಉದ್ಯೋಗ ಮುಂತಾದ ಖಾಸಗಿ ವಿವರಗಳನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದು, ಇವು ಕೂಡ ಆ ಪಟ್ಟಿಯಲ್ಲಿವೆ. ಸಂಹಿತೆ ಕನ್ನಡ, ತುಳು ಸೇರಿದಂತೆ ಎಲ್ಲ ಭಾಷೆಗಳ ವಿಕಿಗಳಿಗೂ ಅನ್ವಯಿಸುತ್ತದೆ.

ನಿಂದನೆಗೆ ಗುರಿಯಾದವರು ಏನು ಮಾಡಬಹುದು? ಮೊದಲನೆಯದಾಗಿ, ಕೋಪದಲ್ಲಿ ಅಲ್ಲಿಯೇ ಉತ್ತರ ಕೊಡದಿರುವುದು. ಇದು ಸೌಮ್ಯತೆಯ ಉಪದೇಶವಲ್ಲ, ಲೆಕ್ಕಾಚಾರ. ವಿಕಿಯಲ್ಲಿ ಒಮ್ಮೆ ಬರೆದ ಮಾತು ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ನಾಳೆ ನಿರ್ವಾಹಕರು, ಅಂದರೆ ಪುಟ ಅಳಿಸುವ, ಖಾತೆ ತಡೆಯುವ ಅಧಿಕಾರವುಳ್ಳ ಸದಸ್ಯರು, ಪ್ರಕರಣವನ್ನು ನೋಡುವಾಗ ಎರಡೂ ಕಡೆ ಬೈಗುಳವಿದ್ದರೆ, ಮೊದಲು ಬೈದವರು ಯಾರು ಎಂದು ಹುಡುಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಇಬ್ಬರಿಗೂ ಒಂದೇ ಎಚ್ಚರಿಕೆ ಕೊಟ್ಟು ಮುಗಿಸಿಬಿಡುತ್ತಾರೆ. ಅದೇ ಇತಿಹಾಸ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ಹಿಂದಿನ ಆವೃತ್ತಿಗೂ ನಂತರದ ಆವೃತ್ತಿಗೂ ಇರುವ ವ್ಯತ್ಯಾಸವನ್ನು ತೋರಿಸುವ ಕೊಂಡಿಯನ್ನು ತೆಗೆದಿಟ್ಟುಕೊಂಡರೆ, ಯಾರು, ಯಾವಾಗ, ಏನು ಬರೆದರು ಎಂಬುದು ನಿರ್ವಿವಾದವಾಗಿ ಸಿಗುತ್ತದೆ. ಬೆನ್ನುಹತ್ತುವ ಕಿರುಕುಳದಲ್ಲಂತೂ ಇಂಥ ಕೊಂಡಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ತೋರಿಸಿದಾಗ ಮಾತ್ರ ಉದ್ದೇಶ ಬೆಳಕಿಗೆ ಬರುತ್ತದೆ. ನಿಮ್ಮ ದೂರವಾಣಿ ಸಂಖ್ಯೆಯನ್ನೋ ವಿಳಾಸವನ್ನೋ ಯಾರಾದರೂ ಬಯಲು ಮಾಡಿದ್ದರೆ ಮಾತ್ರ ಅದನ್ನು ಎಲ್ಲರೂ ನೋಡುವ ಪುಟದಲ್ಲಿ ಪ್ರಸ್ತಾಪಿಸಬಾರದು, ಪ್ರಸ್ತಾಪಿಸಿದಷ್ಟೂ ಅದು ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ. ಇತಿಹಾಸದಿಂದಲೂ ಅದನ್ನು ಮರೆಮಾಡುವ ಅಧಿಕಾರವುಳ್ಳವರು ಇದ್ದಾರೆ, ಅಂಥವರಿಲ್ಲದ ಚಿಕ್ಕ ವಿಕಿಗಳಲ್ಲಿ ಸ್ಟೀವರ್ಡ್ ಎಂದು ಕರೆಯಲಾಗುವ ಜಾಗತಿಕ ಸ್ವಯಂಸೇವಕರು ಆ ಕೆಲಸ ಮಾಡಿಕೊಡುತ್ತಾರೆ, ಅವರಿಗೆ ಖಾಸಗಿಯಾಗಿ ಬರೆಯಬೇಕು.

ಬೆದರಿಕೆ ಜೀವಕ್ಕೋ ಮಾನಕ್ಕೋ ಸಂಬಂಧಿಸಿದ್ದಾದರೆ ಅದು ಸಮುದಾಯದೊಳಗೆ ಇತ್ಯರ್ಥವಾಗುವ ವಿಷಯವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಹಿಳೆಯನ್ನು ಅಂತರಜಾಲದಲ್ಲಿ ಹಿಂಬಾಲಿಸುವುದು 78ನೆಯ ಕಲಮಿನಡಿ, ಅಪರಾಧಿಕ ಬೆದರಿಕೆ 351ನೆಯ ಕಲಮಿನಡಿ ಬರುತ್ತವೆ. ಕರ್ನಾಟಕದಲ್ಲಿ ಸೈಬರ್ ಅಪರಾಧಗಳ ಪೊಲೀಸ್ ಠಾಣೆಗಳು ಇಂಥ ದೂರುಗಳನ್ನು ನೋಡುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಡಿ ದೂರು ಕೊಡಿ ಎಂದು ಇಂದಿಗೂ ಸಲಹೆ ಕೊಡುವವರಿದ್ದಾರೆ. ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನು 2015ರ ಮಾರ್ಚ್‌ನಲ್ಲಿಯೇ ರದ್ದುಪಡಿಸಿದೆ.

ಇಷ್ಟು ಹೇಳಿದರೂ, ಭಾರವನ್ನೆಲ್ಲ ಪೆಟ್ಟು ತಿಂದವರ ಮೇಲೆಯೇ ಹೊರಿಸಿದಂತಾಯಿತು. ಕೊಂಡಿ ಕೂಡಿಡಬೇಕಾದವರು ಅವರೇ, ದೂರು ಬರೆಯಬೇಕಾದವರು ಅವರೇ, ತಾಳ್ಮೆ ತೋರಬೇಕಾದವರೂ ಅವರೇ. ಚರ್ಚೆ ಪುಟವನ್ನು ಓದುತ್ತಾ ಸುಮ್ಮನಿರುವ ಉಳಿದವರ ಪಾತ್ರವೇನು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ, ನನಗೆ ಅದೇ ಮುಖ್ಯವಾದ ಪ್ರಶ್ನೆ. ಕನ್ನಡದಂಥ ಭಾಷೆಯ ವಿಕಿಯಲ್ಲಿ ನಿತ್ಯವೂ ದುಡಿಯುವವರು ಕೆಲವೇ ಮಂದಿ. ಅವರು ಕಾರ್ಯಾಗಾರಗಳಲ್ಲಿ ಭೇಟಿಯಾಗಿರುತ್ತಾರೆ, ಒಟ್ಟಿಗೆ ಊಟ ಮಾಡಿರುತ್ತಾರೆ, ಒಬ್ಬರು ಇನ್ನೊಬ್ಬರಿಗೆ ಮೇಷ್ಟರೂ ಆಗಿರಬಹುದು. ಹಾಗಿರುವಾಗ ಅರಳಿ ಕಟ್ಟೆಯಲ್ಲಿ, ಅಂದರೆ ಎಲ್ಲರೂ ಸೇರಿ ಚರ್ಚಿಸುವ ಪುಟದಲ್ಲಿ, "ಸರ್, ಈ ಮಾತು ಸರಿಯಲ್ಲ" ಎಂದು ಬರೆಯಲು ಸಂಕೋಚವಾಗುತ್ತದೆ. ಹಿರಿಯರು, ಬಿಡಿ, ಅವರ ಸ್ವಭಾವವೇ ಹಾಗೆ, ಮನಸ್ಸು ಮಾತ್ರ ಒಳ್ಳೆಯದು ಎಂಬ ಸಮಾಧಾನವನ್ನು ನೊಂದವರಿಗೆ ಖಾಸಗಿಯಾಗಿ ಹೇಳಲಾಗುತ್ತದೆ. ನಿಂದನೆ ಬಹಿರಂಗವಾಗಿ ನಡೆದು ಸಾಂತ್ವನ ಮಾತ್ರ ಗುಟ್ಟಾಗಿ ನಡೆದರೆ, ಪುಟವನ್ನು ಓದುವ ಹೊಸಬರಿಗೆ ಕಾಣುವುದು ನಿಂದನೆಯೊಂದೇ. ಆದ್ದರಿಂದ ಮೂರನೆಯವರೊಬ್ಬರು ಅದೇ ಪುಟದಲ್ಲಿ, ಅಂದೇ, ಎರಡು ಸಾಲು ಬರೆಯಬೇಕು: ಆಧಾರ ಬೇಕೆಂಬ ಆಕ್ಷೇಪ ಸರಿ, ವ್ಯಕ್ತಿಯ ಬಗೆಗಿನ ಮಾತನ್ನು ಹಿಂತೆಗೆದುಕೊಳ್ಳಿ. ಅದಕ್ಕಿಂತ ಉದ್ದದ ಭಾಷಣ ಬೇಡ. ಉದ್ದವಾದರೆ ಅದೇ ಇನ್ನೊಂದು ಜಗಳವಾಗುತ್ತದೆ.

ಬಹಳ ಕೆಲಸ ಮಾಡುವವರೇ ಬಹಳ ನಿಂದಿಸುವವರೂ ಆದಾಗ ಸಮುದಾಯ ನಿಜವಾಗಿ ಕಂಗೆಡುತ್ತದೆ. ಹಾಲು ಕೊಡುವ ಹಸು ಒದ್ದರೂ ಒದೆಸಿಕೊಳ್ಳಬೇಕು ಎಂಬ ಗಾದೆ ಆಗ ಯಾರದಾದರೂ ಬಾಯಿಗೆ ಬರುತ್ತದೆ. ಆ ಲೆಕ್ಕದಲ್ಲಿ ಒಂದು ಕಡೆಯ ಅಂಕಿ ಮಾತ್ರ ಇದೆ: ಇದ್ದವರು ಬರೆದ ಲೇಖನಗಳನ್ನು ಎಣಿಸಬಹುದು, ಬೇಸತ್ತು ಹೋದವರು ಬರೆಯದೆ ಉಳಿದದ್ದನ್ನು ಎಣಿಸಲಾಗದು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಯೋಜನೆಯಲ್ಲಿ ಈ ಮಾತು ಬಹಳ ವರ್ಷ ನಡೆಯಿತು. ಅದರ ಜನಕ ಲಿನಸ್ ಟೋರ್ವಾಲ್ಡ್ಸ್ ಸಹೋದ್ಯೋಗಿಗಳು ಬರೆದ ತಂತ್ರಾಂಶದ ಕೋಡನ್ನು ಟೀಕಿಸುವಾಗ ಬಳಸುತ್ತಿದ್ದ ಭಾಷೆ ಜಗತ್ಪ್ರಸಿದ್ಧವಾಗಿತ್ತು. ಯುಎಸ್‌ಬಿ 3.0ರ ಚಾಲಕ ತಂತ್ರಾಂಶದ ಹೊಣೆ ಹೊತ್ತಿದ್ದ ಡೆವಲಪರ್ ಒಬ್ಬರು 2013ರಲ್ಲಿ ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು, 2015ರಲ್ಲಿ ಈ ಧೋರಣೆಯೇ ಕಾರಣವೆಂದು ತಿಳಿಸಿ ಕರ್ನಲ್ ಕೆಲಸವನ್ನೇ ಬಿಟ್ಟರು. 2018ರ ಸೆಪ್ಟೆಂಬರ್‌ನಲ್ಲಿ ಟೋರ್ವಾಲ್ಡ್ಸ್ ತಮ್ಮ ವೈಯಕ್ತಿಕ ದಾಳಿಗಳಿಗೆ ಕ್ಷಮೆ ಕೇಳಿ ಕೆಲವು ವಾರ ದೂರ ಉಳಿದರು, ಯೋಜನೆ ನೀತಿ ಸಂಹಿತೆಯೊಂದನ್ನು ಒಪ್ಪಿಕೊಂಡಿತು. ಅವರಿಲ್ಲದ ಆ ವಾರಗಳಲ್ಲಿ ಯೋಜನೆಯ ಇನ್ನೊಬ್ಬ ಹಿರಿಯ ಡೆವಲಪರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕರ್ನಲ್‌ನ 4.19ನೆಯ ಆವೃತ್ತಿಯನ್ನು ಹೊರತಂದರು. ಕೆಲಸವೇನೂ ನಿಲ್ಲಲಿಲ್ಲ.

ಹಾಗೆಂದು ಮೇಲಿನಿಂದ ಬರುವ ಶಿಕ್ಷೆಯೇ ಪರಿಹಾರವೆಂದೂ ನಾನು ಹೇಳಲಾರೆ. 2019ರ ಜೂನ್‌ನಲ್ಲಿ ವಿಕಿಮೀಡಿಯ ಫೌಂಡೇಶನ್ ಇಂಗ್ಲಿಷ್ ವಿಕಿಪೀಡಿಯದ ಒಬ್ಬ ನಿರ್ವಾಹಕರನ್ನು ಕಾರಣಗಳನ್ನು ಬಹಿರಂಗಪಡಿಸದೆ ಒಂದು ವರ್ಷ ನಿಷೇಧಿಸಿತು. ದೂರುದಾರರ ಗುರುತನ್ನು ಕಾಪಾಡುವುದು ಅದರ ಉದ್ದೇಶವಾಗಿತ್ತು. ಆದರೆ ಆರೋಪವೇನೆಂದೇ ತಿಳಿಯದ ಶಿಕ್ಷೆಯನ್ನು ಸಮುದಾಯ ಒಪ್ಪಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ನಿರ್ವಾಹಕರು ಹುದ್ದೆ ಬಿಟ್ಟರು. ಕೊನೆಗೆ ಸಮುದಾಯವೇ ಆರಿಸಿದ ಪಂಚಾಯ್ತಿ ಸಮಿತಿ ಪ್ರಕರಣವನ್ನು ಕೈಗೆತ್ತಿಕೊಂಡು ಸೆಪ್ಟೆಂಬರ್‌ನಲ್ಲಿ ನಿಷೇಧವನ್ನು ತೆಗೆಯಿತು, ನಿರ್ವಾಹಕ ಹುದ್ದೆಯನ್ನು ಮಾತ್ರ ಹಿಂದಿರುಗಿಸಲಿಲ್ಲ. ದೂರು ಕೊಟ್ಟವರಿಗೆ ರಕ್ಷಣೆ ಬೇಕು, ಆರೋಪ ಹೊತ್ತವರಿಗೆ ಉತ್ತರಿಸುವ ಅವಕಾಶವೂ ಬೇಕು. ಇವೆರಡನ್ನೂ ಒಟ್ಟಿಗೆ ಕೊಡುವ ವ್ಯವಸ್ಥೆ ಕಷ್ಟದ್ದು, ದೊಡ್ಡ ಸಮುದಾಯಕ್ಕೂ ಕಷ್ಟದ್ದೇ.

ಚಿಕ್ಕ ಸಮುದಾಯಕ್ಕೆ ಇನ್ನೊಂದು ತೊಡಕಿದೆ. ಇರುವುದೇ ನಾಲ್ವರು ನಿರ್ವಾಹಕರಾಗಿದ್ದು, ಆರೋಪ ಅವರಲ್ಲಿ ಒಬ್ಬರ ಮೇಲೆಯೇ ಬಂದರೆ ಉಳಿದ ಮೂವರು ಅವರ ಗೆಳೆಯರಾಗಿರುತ್ತಾರೆ. ಅಂಥ ಸಂದರ್ಭದಲ್ಲಿ ಹೊರಗಿನವರನ್ನು ಕರೆಯುವುದನ್ನು ಮನೆಯ ಮಾತು ಬೀದಿಗೆ ತಂದಂತೆ ಎಂದು ಭಾವಿಸಬಾರದು. ಸಾರ್ವತ್ರಿಕ ನೀತಿ ಸಂಹಿತೆಯ ಜಾರಿಗಾಗಿ 2024ರಲ್ಲಿ ಚುನಾಯಿತ ಸಮನ್ವಯ ಸಮಿತಿಯೊಂದು ರೂಪುಗೊಂಡಿದೆ. ಸ್ಥಳೀಯ ವ್ಯವಸ್ಥೆ ಸಾಲದೆಹೋದಾಗ ಅದರ ಮುಂದೆ ಹೋಗಬಹುದು. ಸ್ಥಳೀಯವಾಗಿಯೇ ಮಾಡಬಹುದಾದ ಕ್ರಮಗಳಲ್ಲಿ, ಇಬ್ಬರು ಸದಸ್ಯರು ಒಬ್ಬರ ಬಗ್ಗೆ ಒಬ್ಬರು ಬರೆಯಕೂಡದು, ಒಬ್ಬರ ಸಂಪಾದನೆಯನ್ನು ಇನ್ನೊಬ್ಬರು ಅಳಿಸಕೂಡದು ಎಂದು ಇಬ್ಬರಿಗೂ ವಿಧಿಸುವ ನಿರ್ಬಂಧ ನನಗೆ ಉಪಯುಕ್ತವೆನಿಸುತ್ತದೆ, ಇಬ್ಬರೂ ಬರೆಯುವುದನ್ನು ಮುಂದುವರಿಸಲು ಅದರಲ್ಲಿ ಜಾಗವಿದೆ. ಅದು ಮುರಿದಾಗ, ಮುರಿದವರ ಖಾತೆಗೆ ತಡೆ. ತಡೆ ಮೊದಲು ಒಂದೆರಡು ದಿನದ್ದಿರಬಹುದು, ಮರುಕಳಿಸಿದರೆ ವಾರ, ತಿಂಗಳು ಎಂದು ಬೆಳೆಯಬಹುದು. ಹಾಕುವ ಪ್ರತಿಯೊಂದು ತಡೆಯ ಜೊತೆಗೂ ಅದಕ್ಕೆ ಕಾರಣವಾದ ಮಾತಿನ ಕೊಂಡಿಯನ್ನು ನಿರ್ವಾಹಕರು ದಾಖಲಿಸಬೇಕು, ಮತ್ತು ಆ ಮಾತು ತಮ್ಮ ಗೆಳೆಯರದಾಗಿದ್ದರೆ ತೀರ್ಮಾನವನ್ನು ಇನ್ನೊಬ್ಬ ನಿರ್ವಾಹಕರಿಗೆ ಬಿಟ್ಟುಕೊಡಬೇಕು.

ನಮಸ್ಕಾರ.